ಗೋಡೆಗೆ ಮೆತ್ತಿದ ಸೌತೆಬೀಜ

ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಯಲ್ಲಾಪುರದ ಕಡೆ ಏನನ್ನೂ ಮಾಡದಿರುವುದೇ ದೊಡ್ಡ ಕೆಲಸವಾಗಿತ್ತು. ಶಿರಸಿಯಲ್ಲಿ ನಡೆದ ಸಹಜ ಕೃಷಿಯ ಶಿಬಿರವೊಂದಕ್ಕೆ ಹೋಗಿಬಂದ ಅಪ್ಪ, ಮಳೆಗಾಲದ ಮುಂಚೆ ಮನೆಯಲ್ಲಿ ಸಾರಿದ: ಈ ವರ್ಷ ಹಿತ್ತಲಲ್ಲಿ ಅಗೆಯುವುದಿಲ್ಲ, ಗೊಬ್ಬರ ಹಾಕುವುದಿಲ್ಲ, ಕಳೆ ಕೀಳುವುದಿಲ್ಲ. ಒಣ ಎಲೆಯ ದರಕು ಹಾಸಿ ಬೀಜ ಎಸೆದರಾಯಿತು, ಉಳಿದದ್ದನ್ನು ಮಣ್ಣೇ ನೋಡಿಕೊಳ್ಳುತ್ತದೆ. ಕಳೆ ಕೀಳುವ ಶಿಕ್ಷೆ ತಪ್ಪಿತೆಂದು ನಾನೂ ತಮ್ಮನೂ ಕುಣಿದೆವು.

ಆದರೆ ಹಿತ್ತಲು ಅಪ್ಪನದಾಗಿರಲಿಲ್ಲ, ಅತ್ತೆಯದಾಗಿತ್ತು. ಅತ್ತೆ ಅಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಇಡಗುಂದಿಯಿಂದ ತವರಿಗೆ ಬಂದವಳು. ಅಡುಗೆಮನೆಯಲ್ಲಿ ಆಯಿಯ, ಅಂದರೆ ಅಮ್ಮನ, ಮಾತು ನಡೆಯುತ್ತಿತ್ತು, ಜಗಲಿಯಲ್ಲಿ ಅಪ್ಪನದು. ಅತ್ತೆ ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಹಿತ್ತಲಲ್ಲಿ ಮಾತ್ರ. ಮಣ್ಣು ಅಗೆದು, ಸುಡುಮಣ್ಣು, ಸಗಣಿಗೊಬ್ಬರ ಬೆರೆಸಿ, ಗುಡ್ಡೆ ಮಾಡಿ, ಬೀಜ ಊರಿದವಳೇ ನಮ್ಮತ್ತ ತಿರುಗಿ ಕೂಗುತ್ತಿದ್ದಳು: "ಏ ಮಾಣಿ, ತುಳಿದ್ರೆ ಕಾಲು ಮುರೀತೆ ನೋಡು!"

ಗಂಡನ ಮನೆಯಿಂದ ಅವಳು ತಂದದ್ದರಲ್ಲಿ ಉಳಿದಿದ್ದು ಒಂದು ಜಾತಿಯ ಸೌತೆಬೀಜ. ವರ್ಷವೂ ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಅದರ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಮೆತ್ತುತ್ತಿದ್ದಳು. ಅಪ್ಪ ಚೂರಿ ತಂದು ಅದಷ್ಟನ್ನೂ ಕೆರೆದು, ಹಿತ್ತಲಿಗೆ ಎಸೆಯಲೆಂದು ಕಟ್ಟುತ್ತಿದ್ದ ಮಣ್ಣುಂಡೆಗಳೊಳಗೆ ಸೇರಿಸತೊಡಗಿದ.

"ಅಣ್ಣಾ, ಒಂದು ಮುಷ್ಟಿ ಗೋಡೆಲೇ ಇರ್ಲಿ."

"ಅರ್ಧ ನಂಬಿಕೆ ಇಟ್ಕಂಡು ಮಾಡಿರೆ ಎಂತದೂ ಆಗ್ತಿಲ್ಲೆ."

"ನಂಬಿಕೆ ನಿಂದು. ಬೀಜ ಯನ್ನದು."

"ಹೋಗ್ಲಿ ಬಿಡೇ," ಎಂದಳು ಆಯಿ, "ಒಂದು ವರ್ಷ ನಿನ್ನ ಬೆನ್ನಿಗಾದ್ರೂ ಆರಾಮು."

ಮಳೆ ಹಿಡಿಯಿತು. ದರಕು ಕೊಳೆತು ಹುಳಿವಾಸನೆ ಬಂತು. ಅದರಡಿ ಬಸವನಹುಳುಗಳು ಸಂಸಾರ ಹೂಡಿದವು; ಸಂಜೆ ಕಂಡ ಮೊಳಕೆ ಬೆಳಿಗ್ಗೆ ಇರುತ್ತಿರಲಿಲ್ಲ. ಬೇಲಿಯ ಮೂಲೆಯಲ್ಲಿ ಒಂದೇ ಒಂದು ಸೌತೆಬಳ್ಳಿ ಉಳಿಯಿತು. ಅತ್ತೆ ಅಪ್ಪ ಏಳುವ ಮುಂಚೆ ಹೋಗಿ ಅದರ ಬುಡಕ್ಕೆ ಬೂದಿ ಉದುರಿಸಿ ಬರುತ್ತಿದ್ದಳೆಂದು ನನ್ನ ನೆನಪು. ತಮ್ಮ ಒಪ್ಪುವುದಿಲ್ಲ. "ಅತ್ತೆ ಕೊಡೆ ಹಿಡ್ಕಂಡು ಸುಮ್ನೆ ನಿಂತಿರ್ತಿತ್ತು, ಅಷ್ಟೇಯ," ಎನ್ನುತ್ತಾನೆ. ಧಾರವಾಡದಲ್ಲಿ ಓದಿ ಎಲ್ಲದಕ್ಕೂ ಪುರಾವೆ ಕೇಳುವ ಚಟ ಹತ್ತಿಸಿಕೊಂಡ ನನಗೂ ಅನುಮಾನ. ಬೂದಿ ಇದ್ದರೆ ಕತೆ ಚೆನ್ನಾಗುತ್ತದೆ. ಹಾಗಾಗಿ ಆ ಬೂದಿಯನ್ನು ಆಮೇಲೆ ನಾನೇ ಉದುರಿಸಿರಬಹುದು.

ಬಳ್ಳಿ ಒಂದು ಕಾಯಿ ಹಿಡಿದದ್ದು ಮಾತ್ರ ನಿಜ. ಅತ್ತೆ ಅದರ ತೊಟ್ಟಿಗೆ ಬಾಳೆನಾರು ಕಟ್ಟಿದ್ದಳು. ಬೀಜಕ್ಕೆ ಬಿಟ್ಟ ಕಾಯಿ, ಯಾರೂ ಮುಟ್ಟಬಾರದು ಎಂದು ಅದರರ್ಥ, ಮನೆಯವರಿಗೆಲ್ಲ ಗೊತ್ತಿತ್ತು.

ಶ್ರಾವಣದಲ್ಲಿ ಅಪ್ಪನ ಶಿಬಿರದ ಗೆಳೆಯರು ಹಿತ್ತಲು ನೋಡಲು ಬಂದರು. ತೋರಿಸಲು ಬೇರೇನೂ ಇರಲಿಲ್ಲ. ಅಪ್ಪ ಆ ಕಾಯಿ ಕಿತ್ತು, ಹೋಳು ಮಾಡಿ, ಉಪ್ಪುಖಾರ ಹಚ್ಚಿ ಹಂಚಿದ. "ತಿಂದು ನೋಡಿ. ಒಂದು ಕೆಲಸವನ್ನೂ ಮಾಡಿದ್ನಿಲ್ಲೆ!" ನಮಗೂ ಒಂದೊಂದು ಹೋಳು ಸಿಕ್ಕಿತು. ಚಹಾ ತಂದ ಅತ್ತೆ ತಟ್ಟೆಯಲ್ಲಿ ಬಾಳೆನಾರು ನೋಡಿದಳು. ಲೋಟಗಳನ್ನು ಒಂದೊಂದಾಗಿ ಇಟ್ಟು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ತಟ್ಟೆಯಲ್ಲಿ ಅಂಟಿದ್ದ ಎಳೆಬೀಜಗಳನ್ನು ಬಳಿದು, ಬೂದಿ ಕಲಸಿ, ಗೋಡೆಗೆ ಮೆತ್ತಿದಳು.

"ಅದು ಹುಟ್ತಿಲ್ಲೆ ಮಾರಾಯ್ತಿ, ಬಲ್ತಿದ್ದಿಲ್ಲೆ," ಎಂದಳು ಆಯಿ.

"ಗೊತ್ತಿದ್ದು," ಎಂದಳು ಅತ್ತೆ.

ಮರುವರ್ಷ ಅಪ್ಪನಿಗೆ ಜೇನಿನ ಹುಚ್ಚು ಹಿಡಿಯಿತು. ಹಿತ್ತಲು ಮತ್ತೆ ಅತ್ತೆಯದಾಯಿತು, ಆದರೆ ಅವಳು ಅಲ್ಲಿಗೆ ಇಳಿಯಲಿಲ್ಲ. ತರಕಾರಿ ಸಂತೆಯಿಂದ ಬರತೊಡಗಿತು.

ಬಹಳ ವರ್ಷಗಳ ನಂತರ ಸಿದ್ದಾಪುರದ ಹತ್ತಿರ ಪರ್ಮಾಕಲ್ಚರ್ ತೋಟವೊಂದನ್ನು ನೋಡಲು ಹೋಗಿದ್ದೆ. ಸುರುಳಿ ಸುರುಳಿ ಮಡಿಗಳು, ಒಂದು ಗಿಡಕ್ಕೆ ಇನ್ನೊಂದರ ಆಸರೆ, ಚಂದವೇ ಇತ್ತು. "ನಮಗೆ ಕೆಲಸವೇ ಇಲ್ಲ, ಎಲ್ಲ ಪ್ರಕೃತಿ ಮಾಡ್ತದೆ," ಎಂದರು ಯಜಮಾನರು. ಅವರ ಹಿಂದೆ ಹೆಂಗಸೊಬ್ಬರು ಬಗ್ಗಿ ಎಲೆ ಮಗುಚಿ ಹುಳು ಆರಿಸಿ ಡಬ್ಬಕ್ಕೆ ಹಾಕುತ್ತಿದ್ದರು. ಅವರು ಯಾರೆಂದು ಕೇಳಿದೆ. "ನಮ್ಮನೆಯವಳು. ಅವಳಿಗೆ ಅದೊಂದು ಹವ್ಯಾಸ."

ಅತ್ತೆಯ ಸೌತೆ ಅಪರೂಪದ್ದೇನೂ ಆಗಿರಲಿಕ್ಕಿಲ್ಲ. ನಾನು ತಿಂದ ಹೋಳು ಎಲ್ಲ ಸೌತೆಕಾಯಿಯ ಹಾಗೇ ಇತ್ತು. ಹಳೆಯ ತಳಿ ಹೋಯಿತೆಂದು ಅಳುವವರ ಜೊತೆ ಕೂತು ಅಳಲು ನನಗಾಗುವುದಿಲ್ಲ. ಕಾಲು ಮುರಿಯುತ್ತೇನೆಂದು ಕೂಗುತ್ತಿದ್ದ ದನಿ ಹೋಯಿತು, ನನ್ನ ಲೆಕ್ಕಕ್ಕೆ ಸಿಗುವುದು ಅಷ್ಟೇ. ಅತ್ತೆ ಆಮೇಲೆಯೂ ಬಹಳ ಕಾಲ ಅದೇ ಮನೆಯಲ್ಲಿದ್ದು ತೀರಿಕೊಂಡಳು. ಆ ದನಿ ಮತ್ತೆ ಕೇಳಲಿಲ್ಲ.

ಅಪ್ಪ ಈಗಲೂ ಬಂದವರಿಗೆ ಹೇಳುತ್ತಾನೆ: "ಆನು ಒಂದು ವರ್ಷ ಎಂತದೂ ಮಾಡ್ದೆ ಸೌತೆಕಾಯಿ ಬೆಳೆದಿದ್ದಿ." ಅವನ ನೆನಪಿಗೆ ಯಾವ ಅನುಮಾನವೂ ಇಲ್ಲ.