ಅಪ್ಪನ ದನಿಗೆ ಜಪ್ತಿಯಾದ ವ್ಯಾನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಪ್ಪನ ವ್ಯಾನು ಸರ್ಕಾರದ ಪಾಲಾಗಲು ಹೊರಟಿದ್ದು ನನ್ನ ಗಂಟಲಿನಿಂದ. ನಮ್ಮ ಓಣಿಯಲ್ಲಿ ನಾನು ಅನುಕರಿಸದ ದನಿಯಿಲ್ಲ. ಸ್ವಂತ ದನಿ ಯಾವುದೆಂದು ನನಗೇ ಅನುಮಾನ.

ಬೀದರಿನಿಂದ ಗಡಿ ದಾಟಿ ಬಂದು ಸಂಭಾಜಿನಗರದಲ್ಲಿ ಕಾಳಿನ ಅಂಗಡಿ ಇಟ್ಟ ಅಪ್ಪನಿಗೆ ಇದ್ದದ್ದು ಅದೊಂದೇ ವ್ಯಾನು. ನನ್ನ ಗೆಳೆಯನೊಬ್ಬ ನಾಸಿಕದ ಕಡೆಯ ಪಿಂಪಳಗಾಂವ್‌ನಿಂದ ನಮ್ಮೂರ ಪಕ್ಕದ ಶೇಂದ್ರಾಕ್ಕೆ ಮನೆ ಸಾಮಾನು ತರಬೇಕೆಂದು ಕೇಳಿದ. ಕೀಲಿ ಅಂಗಡಿಯ ಲೆಕ್ಕ ಬರೆಯುವ ಮುನೀಮರ ಹತ್ತಿರ. ಅಪ್ಪ ಹೇಳದೆ ಅವರು ದೇವರಿಗೂ ಕೊಡುವವರಲ್ಲ. ಅಪ್ಪ ಸ್ನಾನಕ್ಕೆ ಹೋದಾಗ ಅವರದೇ ಫೋನೆತ್ತಿ, ಅವರಂತೆ ಕೆಮ್ಮಿ ಹೇಳಿದೆ: “ಮುನೀಮ್ರ, ಹುಡುಗ ಬರ್ತಾನ, ಕೀಲಿ ಕೊಡ್ರಿ. ಏನ್ ಒಯ್ತಾನ ಅಂತ ಕೇಳಬ್ಯಾಡ್ರಿ.”

ಕೊನೆಯ ಮಾತು ಬೇಕಿರಲಿಲ್ಲ. ಒಳಗಿನ ಕಲಾವಿದ ಕೇಳಲಿಲ್ಲ. ಗೆಳೆಯ ಕೀಲಿ ಇಸಕೊಂಡು ಒಬ್ಬನೇ ವ್ಯಾನು ಒಯ್ದ.

ನಾಸಿಕದ ಹೆದ್ದಾರಿಯಲ್ಲಿ ಪೊಲೀಸರು ಗೆಳೆಯನ ಗಾದಿಗಳನ್ನು ಕೊಯ್ದರೆ ಒಳಗೆ ಹತ್ತಿಯಿರಲಿಲ್ಲ, ಈ ರಾಜ್ಯದಲ್ಲಿ ನಿಷೇಧವಾದ ಗುಟಖಾ ಇತ್ತು. ಅವನು ಒಳಗೆ, ವ್ಯಾನು ಠಾಣೆಯ ಅಂಗಳಕ್ಕೆ. ಮಾಲಕನಿಗೆ ಗೊತ್ತಿರಲಿಲ್ಲವೆಂದು ಸಾಬೀತಾದರೆ ವಾಪಸ್, ಇಲ್ಲವಾದರೆ ಮುಟ್ಟುಗೋಲು, ಹರಾಜು. ಮುನೀಮರ ಫೋನೋ ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡಿಕೊಳ್ಳುವಂಥದ್ದು. ಸತ್ಯವಂತರು, ಕೇಳುವ ಮೊದಲೇ ಕೊಟ್ಟುಬಂದರು.

ವಿಚಾರಣೆಯವರೆಗೆ ಸರ್ಕಾರ ವ್ಯಾನನ್ನು ಹೆತ್ತತಾಯಿಯಂತೆ ಸಾಕಿತು. ಬ್ಯಾಟರಿ ತೀರಿಕೊಂಡಿತು, ಟಯರುಗಳು ನೆಲ ಹಿಡಿದವು, ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಯಿಟ್ಟಿತು. ಅಪ್ಪ ಕಟ್ಟಿದ್ದ ನಿಂಬೆಹಣ್ಣು ಮಾತ್ರ ಭದ್ರವಾಗಿತ್ತು. ಇತ್ತ ಅಪ್ಪ ಬಾಡಿಗೆ ಆಟೋದಲ್ಲಿ ಚೀಲಗಳ ಮೇಲೆ ಕೂತು ಓಡಾಡುತ್ತಿದ್ದರು. ನನ್ನೊಡನೆ ಮಾತಿಲ್ಲ.

ನಾಸಿಕದ ಕಚೇರಿಯಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ಸೊಲ್ಲಾಪುರದವರು, ಕನ್ನಡ ಬಲ್ಲವರು. ರೆಕಾರ್ಡ್ ಹಾಕಿ ಕೇಳಿದರು: “ಕಾಕಾ, ದನಿ ನಿಮ್ದ ಹೌದಲ್ಲ?”

ಅಪ್ಪ ಕಿವಿಗೊಟ್ಟು ಕೇಳಿದರು. “ದನಿ ನಂದರಿ. ಮಾತು ನಂದಲ್ಲ.”

ನಾನು ಮುಂದೆ ಬಂದು, ಕೆಮ್ಮಿ, ಅದೇ ಮಾತನ್ನು ಅದೇ ದನಿಯಲ್ಲಿ ಒಪ್ಪಿಸಿದೆ. ಗುಮಾಸ್ತ ಫೈಲಿನ ಹಿಂದೆ ಮುಖ ಮುಚ್ಚಿಕೊಂಡ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು “ಕಾಕಾ, ದನಿ ನಿಮ್ದ ಹೌದಲ್ಲ?” ಎಂದು ಸಾಹೇಬರದ್ದನ್ನೂ ಮಾಡಿ ತೋರಿಸಿದೆ.

ಸಾಹೇಬರು ಗುಮಾಸ್ತನನ್ನು ಹತ್ತಿರ ಕರೆದರು. ನನ್ನ ಹೇಳಿಕೆ ಬರೆಸಿ ಸಹಿ ಹಾಕಿಸಿಕೊಂಡು, ಗಾಡಿ ಬಿಡುವ ಆದೇಶಕ್ಕೆ ಸಿಕ್ಕಾ ಒತ್ತಿದರು.

ಅಪ್ಪ ಕೈಮುಗಿದರು. “ಉಪಕಾರ ಆತ್ರಿ ಸಾಹೇಬ್ರ. ಗಾಡಿ ನಾ ಒಯ್ತೀನಿ. ಅದರ ಬದ್ಲಿ ಇವನ್ನ ಜಪ್ತ ಮಾಡ್ಕೊಳ್ರಿ.”

“ಬ್ಯಾಡ ಕಾಕಾ,” ಎಂದರು ಅವರು, “ಜಪ್ತ ಮಾಡಿದ್ದನ್ನ ಹರಾಜಿಗೆ ಇಡಬೇಕಾಗ್ತದ. ಇವಗ ಗಿರಾಕಿ ಎಲ್ಲಿಂದ ತರೂಣು?”