ಗೌರಿಗೆ ಹೇಳಿದ್ದು, ಕರಿಯನಿಗೆ ಹೇಳಿದ್ದು

ಸ್ನೇಹಿತರೇ, ಇವತ್ತು ನನ್ನನ್ನೂ ನನ್ನ ಏಳು ತಿಂಗಳ ಹೊಟ್ಟೆಯನ್ನೂ ಕಾಪಾಡಿದ್ದು ನಮ್ಮ ಎಮ್ಮೆ ಗೌರಿ.

ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ. ಕಿಟಕಿಯಿಂದ ಗಪ್ಪಂತ ಔಷಧಿ ವಾಸನೆ ನುಗ್ಗಿತು. ಬೇಲಿಯಾಚೆ ಪಕ್ಕದ ಮನೆಯ ಹನುಮಂತಣ್ಣ ಬೆನ್ನಿಗೆ ಪಂಪು ಕಟ್ಟಿಕೊಂಡು ಶುಂಠಿಗೆ ಹೊಡೆಯುತ್ತಿದ್ದರು. ಗಾಳಿ ಸೀದಾ ನಮ್ಮ ಅಡುಗೆಮನೆಗೆ! "ಔಷಧಿ ಹೊಡೆಯೋ ಕಡೆ ಸುಳೀಲೇಬೇಡಿ" ಅಂತ ಸೊರಬದ ಡಾಕ್ಟರಮ್ಮ ಮೊನ್ನೆಯಷ್ಟೇ ಹೇಳಿದ್ದರು. ನಿಲ್ಲಿಸಿ ಅನ್ನೋಣ ಅಂದರೆ, ಬೇಲಿ ಜಗಳವಾಗಿ ಮೂರು ವರ್ಷದಿಂದ ಎರಡು ಮನೆಗೂ ಮಾತಿಲ್ಲ.

ಅತ್ತೆ ನನ್ನನ್ನು ಒಳಕೋಣೆಗೆ ತಳ್ಳಿ, ಕಿಟಕಿ ಹಾಕಿ, ಸರಸರ ಕೊಟ್ಟಿಗೆಗೆ ಹೋದರು. ಊರಿಗೆಲ್ಲ ಕೇಳುವ ಹಾಗೆ ಎಮ್ಮೆಗೆ ಹೇಳಿದರು: "ನೋಡೇ ಗೌರಿ, ಮನೇಲಿ ಬಸುರಿ ಇದಾಳೆ. ಈ ವಿಷದ ಗಾಳಿ ಕುಡಿದು ಕೂಸಿಗೆ ಏನಾದ್ರೂ ಆದ್ರೆ ಯಾರೇ ಹೊಣೆ?"

ಪಂಪಿನ ಸದ್ದು ಟಕ್ಕಂತ ನಿಂತಿತು. ಹನುಮಂತಣ್ಣ ತಮ್ಮ ನಾಯಿಯ ಕಡೆ ತಿರುಗಿ ಅಷ್ಟೇ ಜೋರಾಗಿ ಅಂದರು: "ಲೇ ಕರಿಯಾ, ತಲೆಗೇ ಹೊಳೀಲಿಲ್ಲ ಕಣೋ! ಇನ್ಮೇಲೆ ಗಾಳಿ ಆಚೆ ತಿರುಗಿದ್ರೆ ಮಾತ್ರ ಹೊಡಿಯೋದು. ಹಿಂದಿನ ದಿನವೇ ನಿಂಗೆ ಹೇಳ್ತೀನಿ."

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಸ್ವಲ್ಪ ಹೊತ್ತು ಗಾಳಿ ತಾಗಿದ್ದಕ್ಕೆಲ್ಲ ಹೆದರಬೇಡಿ, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ" ಅಂದರು. ಸ್ನಾನ ಮುಗಿಸಿ ಕೂತಾಗ ಒಳಗಿನ ಕೂಸು ಒಂದ್ಸಲ ಒದ್ದಿತು ನೋಡಿ, ಹೋದ ಜೀವ ಬಂದ ಹಾಗಾಯ್ತು.

ಎರಡು ಮನೆಯವರಿಗೂ ಇನ್ನೂ ಮಾತಿಲ್ಲ. ನಾಮಕರಣಕ್ಕೆ ಅವರನ್ನು ಕರೆಯುವ ಕೆಲಸ ಗೌರಿಗೇ ಬಿಟ್ಟಿದ್ದೇವೆ.