ಒಂದೇ ಪೆಟ್ಟಿಗೆಯ ಎರಡು ಪಾಲು

ಸಕಲೇಶಪುರದ ನಮ್ಮ ವಠಾರದಲ್ಲಿ, ಎರಡು ಬಾಡಿಗೆ ಮನೆಗಳ ನಡುವಿನ ಓಣಿಯಲ್ಲಿ, ನಾವೂ ಪಕ್ಕದವರೂ ಸೇರಿ ಕೊಂಡ ಫ್ರಿಜ್ಜೊಂದು ನಿಂತಿದೆ. ಮೇಲಿನ ಖಾನೆಗಳು ನಮ್ಮವು, ಕೆಳಗಿನವು ಅವರವು. ನಾನು ಮಾಡಿಟ್ಟ ಹುಣಸೆ ಗೊಜ್ಜು ಯಾರದೋ ಕೈತಪ್ಪಿ ಕೆಳಗಿನ ಖಾನೆಗೆ ಇಳಿಯಿತೆಂದರೆ ಮುಗಿಯಿತು, ಮನೆಯೆಲ್ಲ ಜಾಲಾಡಿದರೂ ನನಗೆ ಸಿಗುವುದಿಲ್ಲ. ಕಣ್ಣೆದುರೇ ಇರುತ್ತದೆ, ಆದರೆ ಅವರ ಖಾನೆಯತ್ತ ನೋಡಬಾರದೆಂಬ ಸಂಕೋಚ ಕಣ್ಣಿಗೆ ರೂಢಿಯಾಗಿಬಿಟ್ಟಿದೆ.

ನಾನು ನೋಡಿಕೊಳ್ಳುವ ಟೇಪ್ ಲೈಬ್ರರಿಯದೂ ಇದೇ ಸ್ವಭಾವ ಎಂದರೆ ನೀವು ನಗಬಹುದು. ಅದೊಂದು ಬೀರುವಿನಂಥ ಯಂತ್ರ: ಒಳಗೆ ಸಾಲುಸಾಲು ಗೂಡುಗಳು, ಗೂಡಿಗೊಂದು ಕಾರ್ಟ್ರಿಜ್, ಅಂದರೆ ಟೇಪು ಸುತ್ತಿಟ್ಟ ಡಬ್ಬಿ, ಕೇಳಿದ್ದನ್ನು ಎತ್ತಿಕೊಡಲು ಒಂದು ಕಬ್ಬಿಣದ ಕೈ. ಸುತ್ತಲಿನ ಊರುಗಳ ಹಾಡು, ಕಥೆಗಳನ್ನು ಕೂಡಿಡುವ ನಮ್ಮ ಧ್ವನಿಭಂಡಾರಕ್ಕೆ ಅದರಲ್ಲಿ ಅರ್ಧ ಪಾಲು, ಅದೇ ಕಟ್ಟಡದ ಕಾಫಿ ವ್ಯಾಪಾರದ ಕಚೇರಿಗೆ ಇನ್ನರ್ಧ. ನಡುವೆ ಗೋಡೆಯಿಲ್ಲ, ತಂತಿಬೇಲಿಯಿಲ್ಲ. ಪಾಲೆಂಬುದು ಯಂತ್ರದ ತಲೆಯೊಳಗೆ ಮಾತ್ರ. ಆದರೂ ಒಬ್ಬರ ಕಾರ್ಟ್ರಿಜ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಾಣುವುದೇ ಇಲ್ಲ.

ಕಳೆದ ವರ್ಷ ಹೆಗ್ಗದ್ದೆಯಿಂದ ಸಾವಿತ್ರಕ್ಕ ಬಂದರು. ತೀರಿಹೋದ ಅವರ ತಾಯಿ ದ್ಯಾವಮ್ಮ ಹಾಡಿದ್ದ ಸೋಬಾನೆ ಪದ ನಮ್ಮಲ್ಲಿತ್ತು.

"ನಾಳೆ ಮಗಳಿಗೆ ಅರಿಶಿನ ಹಚ್ಚೋದೈತೆ ಕಣವ್ವ. ಪದದ ಕೊನೆ ಮರ್ತೇ ಹೋಗ್ಬುಟ್ಟೈತೆ. ಅವ್ವನ ಬಾಯಲ್ಲೇ ಒಂದ್ಸಲ ಕೇಳ್ಸು," ಎಂದರು.

ಹುಡುಕಿದೆ, ಇರಲಿಲ್ಲ. ತಪಾಸಣೆಗೆಂದು ಹೊರಗೆ ಹೋಗಿದ್ದ ಆ ಪದದ ಕಾರ್ಟ್ರಿಜ್ ಬೆಳಿಗ್ಗೆ ತಾನೇ ಯಂತ್ರಕ್ಕೆ ಮರಳಿತ್ತು. ಒಳಹೋಗುವ ಬಾಗಿಲು ಇಬ್ಬರಿಗೂ ಒಂದೇ, ಯಾವ ಪಾಲು ಮೊದಲು ಕರೆದುಕೊಂಡರೆ ಅದರದು. ಕಾಫಿಯವರ ಕಡೆ ಸೇರಿದ್ದರೆ, ಸಂಜೆ ಯಂತ್ರ ಅದನ್ನು ಖಾಲಿಯೆಂದು ಬಗೆದು ಆ ದಿನದ ವಹಿವಾಟಿನ ಲೆಕ್ಕವನ್ನು ದ್ಯಾವಮ್ಮನ ದನಿಯ ಮೇಲೆಯೇ ಬರೆದುಬಿಡುವ ಅಪಾಯವಿತ್ತು. ಬೇರೆ ಪ್ರತಿ ನಮ್ಮಲ್ಲಿರಲಿಲ್ಲ.

ಆ ಪಾಲನ್ನು ನೋಡಿಕೊಳ್ಳುವ ಲೋಕೇಶನ ಬಳಿಗೆ ಓಡಿದೆ. "ಹೊಸದೊಂದು ಬಂದೈತೆ ಅಂತ ಖುಷಿಯಾಗಿದ್ದೆ ಕಣಕ್ಕ," ಎಂದು ನಗುತ್ತಲೇ ಅವನು ಅದನ್ನು ಹೊರಕ್ಕೆ ಬಿಟ್ಟುಕೊಟ್ಟ. ಪುಣ್ಯಕ್ಕೆ ಇನ್ನೂ ಏನೂ ಬರೆದಿರಲಿಲ್ಲ. ಅದೇ ಬಾಗಿಲಿನಿಂದ ಮತ್ತೆ ಒಳಗೆ ತಳ್ಳಿ, ಈ ಸಲ ನಮ್ಮ ಪಾಲಿಗೆ ಕರೆದುಕೊಂಡೆ. ಪಕ್ಕದ ಗೂಡಿಗೆ ಹೋಗಲು ಹೊರಬಾಗಿಲು ಸುತ್ತಿ ಬರಬೇಕೆಂಬುದು ವಿಚಿತ್ರವೇ. ಆದರೆ ಪಾಲಾದ ಮೇಲೂ ಪಕ್ಕದವರನ್ನು ಬಾಯಿಬಿಟ್ಟು ಕೇಳಿ ಪಡೆಯುವ ದಾರಿಯೊಂದು ಉಳಿದಿದೆಯಲ್ಲ, ಅದು ನನಗೆ ಬಹಳ ಇಷ್ಟ. ಆ ನೆಪದಲ್ಲಿ ಲೋಕೇಶನೂ ಬಂದು ಹಾಡು ಕೇಳಲು ಕೂತ.

ದ್ಯಾವಮ್ಮನ ದನಿ ಎದ್ದಿತು. ಸಾವಿತ್ರಕ್ಕ ಮೆಲ್ಲನೆ ಜೊತೆಗೂಡಿದರು. ಇನ್ನೇನು ಕೊನೆಯ ನುಡಿ ಬರಬೇಕು, ಹಾಡು ನಿಂತಿತು. "ತಡೀರಿ, ಒಲೆ ಮೇಲೆ ಹಾಲೈತೆ, ಉಕ್ಬುಡ್ತೈತೆ," ಎಂದ ದನಿ ದೂರ ಸರಿಯಿತು. ಮುಂದೆ ಏನೂ ಇರಲಿಲ್ಲ.

ನಾನು ಪೆಚ್ಚಾದೆ. ಸಾವಿತ್ರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಗತೊಡಗಿದರು.

"ಹಂಗಾರೆ ನಾನೇನೂ ಮರ್ತಿಲ್ಲ ಕಣವ್ವ. ಅವ್ವ ಮನೇಲೂ ಒಂದಿನಾನೂ ಪೂರ್ತಿ ಹಾಡ್ದೋಳಲ್ಲ."

ಆಮೇಲೆ ಗಂಟಲು ಸರಿಮಾಡಿಕೊಂಡು, ತಾಯಿ ಎದ್ದುಹೋದಲ್ಲಿಂದ ಹಿಡಿದು, ಮಗಳ ಹೆಸರು ಸೇರಿಸಿ, ಕೊನೆಯ ನುಡಿಯನ್ನು ತಾವೇ ಕಟ್ಟಿ ಹಾಡಿದರು.